ಎರಡು ಸಂಘ, ಒಂದು ಪ್ರಶ್ನೆ: ಮತದ ಹಕ್ಕು ಯಾರಿಗೆ?

ವೈದ್ಯರ ಸಂಘ ಅಂದರೆ ವರ್ಷಕ್ಕೊಂದು ಸಮ್ಮೇಳನ, ಒಂದು ಗುಂಪು ಫೋಟೋ, ಅಷ್ಟೇ ಅಂತ ಅಂದುಕೊಳ್ಳುವವರು ಜಾಸ್ತಿ. ಯುರೋಪಿನ ನರರೋಗ ವೈದ್ಯರು ಒಂದಾದ ಕಥೆ ಗೊತ್ತಾದರೆ ಹಾಗೆ ಅನ್ನಿಸುವುದಿಲ್ಲ. ಆ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಂದೇ ಪ್ರಶ್ನೆ. ಸದಸ್ಯ ಅಂದರೆ ಯಾರು? ಒಬ್ಬೊಬ್ಬ ವೈದ್ಯನೋ, ಅಥವಾ ಒಂದೊಂದು ದೇಶದ ಸಂಘವೋ?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1957ರಲ್ಲಿ ರೋಮ್ ಒಪ್ಪಂದವಾಯಿತು. ಆರು ದೇಶಗಳು ಒಂದೇ ಮಾರುಕಟ್ಟೆಯಾಗಲು ಹೊರಟವು. ಸರಕು ಗಡಿ ದಾಟುವ ಹಾಗೆ ವೈದ್ಯರೂ ಗಡಿ ದಾಟಿ ಕೆಲಸ ಮಾಡಬಹುದಾದರೆ, ಒಂದು ದೇಶದ ತಜ್ಞನ ಓದನ್ನು ಇನ್ನೊಂದು ದೇಶ ಯಾವ ಅಳತೆಯಲ್ಲಿ ಒಪ್ಪಬೇಕು? ಆ ಚಿಂತೆಯಿಂದಲೇ ಮರುವರ್ಷ, 1958ರಲ್ಲಿ, ಬ್ರಸೆಲ್ಸ್‌ನಲ್ಲಿ ತಜ್ಞ ವೈದ್ಯರ ಯುರೋಪಿಯನ್ ಒಕ್ಕೂಟ ಹುಟ್ಟಿತು. ಯುಇಎಂಎಸ್ ಅಂತ ಅದರ ಹೆಸರು. ಅದು ಎಲ್ಲ ವಿಭಾಗದ ತಜ್ಞರದು. ಒಂದೊಂದು ವಿಭಾಗದವರೂ ತಮ್ಮದೇ ಮನೆ ಕಟ್ಟಿಕೊಳ್ಳುವ ಕೆಲಸ ಬೇರೆಯೇ ನಡೆಯಿತು.

ನರರೋಗ ವೈದ್ಯರು ಒಂದಲ್ಲ, ಎರಡು ಮನೆ ಕಟ್ಟಿದರು.

ಮೊದಲನೆಯದು 1980ರ ದಶಕದ ಯುರೋಪಿಯನ್ ನ್ಯೂರಾಲಜಿಕಲ್ ಸೊಸೈಟಿ. ಲಂಡನ್ನಿನ ಪಿ.ಕೆ. ಥಾಮಸ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ವೈದ್ಯ ತಾನೇ ಬಂದು ಸದಸ್ಯನಾಗಬಹುದಿತ್ತು, ತನ್ನ ದೇಶದ ಸಂಘವನ್ನು ಕೇಳಬೇಕಾಗಿರಲಿಲ್ಲ. ಒಳ್ಳೆಯ ಸಂಶೋಧನೆ, ಒಳ್ಳೆಯ ಪಾಠ, ಇದೇ ಅವರ ಗುರಿ. 1891ರಲ್ಲಿ ಜರ್ಮನ್ ಭಾಷೆಯಲ್ಲಿ ಶುರುವಾಗಿದ್ದ ಜರ್ನಲ್ ಆಫ್ ನ್ಯೂರಾಲಜಿ ಅವರ ಪತ್ರಿಕೆಯಾಯಿತು.

ಎರಡನೆಯದು ಒಕ್ಕೂಟ. ಯುರೋಪಿಯನ್ ಫೆಡರೇಶನ್ ಆಫ್ ನ್ಯೂರಾಲಜಿಕಲ್ ಸೊಸೈಟೀಸ್, 1991, ವಿಯೆನ್ನಾ. ಇದರ ಬಗ್ಗೆ ನನಗೆ ಜಾಸ್ತಿ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ. ಊರು ಮತ್ತು ವರ್ಷ ಎರಡನ್ನೂ ಗಮನಿಸಿ. ಬರ್ಲಿನ್ ಗೋಡೆ ಬಿದ್ದು ಎರಡು ವರ್ಷ. ಸೋವಿಯತ್ ಒಕ್ಕೂಟ ಒಡೆದದ್ದು ಅದೇ ವರ್ಷ. ಪೂರ್ವ ಯುರೋಪಿನ ಆಸ್ಪತ್ರೆಗಳಲ್ಲಿ ಒಳ್ಳೆಯ ವೈದ್ಯರಿದ್ದರು. ಆದರೆ ಪಶ್ಚಿಮದ ಸಮ್ಮೇಳನಕ್ಕೆ ಹೋಗಲು ದುಡ್ಡಿರಲಿಲ್ಲ. ಅಂಥವರು ಒಬ್ಬೊಬ್ಬರೇ ಫೀಸು ಕಟ್ಟಿ ಸದಸ್ಯರಾಗುವುದು ಆಗದ ಮಾತು. ಆದರೆ ಅವರ ದೇಶದ ಸಂಘ ಸದಸ್ಯನಾದರೆ, ಆ ಸಂಘದ ಪ್ರತಿನಿಧಿ ಜರ್ಮನಿ, ಫ್ರಾನ್ಸ್‌ನವರ ಪಕ್ಕದಲ್ಲೇ ಕೂತು ಮಾತಾಡಬಹುದು.

ಒಕ್ಕೂಟದ ಮೊದಲ ಅಧ್ಯಕ್ಷರು ಆಸ್ಟ್ರಿಯಾದ ಫ್ರಾಂಜ್ ಗೆರ್ಸ್ಟನ್‌ಬ್ರಾಂಡ್. ಆಸ್ಟ್ರಿಯಾದವರಿಗೆ ಇದು ಹೊಸ ಯೋಚನೆಯೇನೂ ಆಗಿರಲಿಲ್ಲ. ಶೀತಲ ಸಮರದ ಕಾಲದಲ್ಲೇ, 1960ರ ದಶಕದಿಂದ, ಡ್ಯಾನ್ಯೂಬ್ ನದಿಯ ಹೆಸರಿನಲ್ಲಿ ಒಂದು ವಿಚಾರಗೋಷ್ಠಿ ನಡೆಯುತ್ತಿತ್ತು. ಬೇಲಿಯ ಆಚೆಯ, ಈಚೆಯ ನರರೋಗ ವೈದ್ಯರು ಅಲ್ಲಿ ಸೇರುತ್ತಿದ್ದರು.

ಒಕ್ಕೂಟ ಮಾಡಿದ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಜೆಕ್ ದೇಶದ ಸ್ಟಾರೆ ಸ್ಪ್ಲಾವಿ ಅನ್ನುವ ಪುಟ್ಟ ಊರಿನ ಶಿಬಿರ. ತರಬೇತಿಯಲ್ಲಿರುವ ಯುವ ವೈದ್ಯರು ಅಲ್ಲಿ ಕೆಲವು ದಿನ ಇದ್ದು ಕಲಿಯುತ್ತಿದ್ದರು. ದೊಡ್ಡ ಪ್ರೊಫೆಸರುಗಳೇ ಬಂದು ಪಾಠ ಮಾಡುತ್ತಿದ್ದರು. ಸಾವಿರಾರು ಜನರ ಸಭಾಂಗಣದಲ್ಲಿ ಕೈ ಎತ್ತಲು ಹೆದರುವ ಹುಡುಗ, ಹುಡುಗಿ ಅಂಥ ಕಡೆ ಧೈರ್ಯವಾಗಿ ಪ್ರಶ್ನೆ ಕೇಳಬಹುದು, ಅಲ್ವಾ?

ಹೀಗೆ ಎರಡೂ ಸಂಘ ಒಳ್ಳೆಯವೇ. ಆದರೆ ಎರಡಕ್ಕೂ ಬೇರೆ ಬೇರೆ ದೊಡ್ಡ ಸಮ್ಮೇಳನ, ಬೇರೆ ಪತ್ರಿಕೆ, ಬೇರೆ ಕಚೇರಿ. ಮಾತಾಡುವ ರೋಗಗಳು ಮಾತ್ರ ಅವೇ. ಬ್ರಸೆಲ್ಸ್‌ನ ಅಧಿಕಾರಿಗಳ ಮುಂದೆ ಸಂಶೋಧನೆಯ ಹಣಕ್ಕಾಗಿ ಯುರೋಪಿನ ನರರೋಗ ವೈದ್ಯರ ಪರವಾಗಿ ಮಾತಾಡುವವರು ಯಾರು? ಇಬ್ಬರೂ ಬೇರೆ ಬೇರೆ ಬಾಗಿಲು ತಟ್ಟಿದರೆ ಇಬ್ಬರ ಮಾತಿಗೂ ತೂಕ ಕಮ್ಮಿ.

ಕೊನೆಗೆ 2014ರಲ್ಲಿ ಇಸ್ತಾಂಬುಲ್‌ನಲ್ಲಿ ಇಬ್ಬರೂ ಸೇರಿ ಒಂದೇ ಸಮ್ಮೇಳನ ನಡೆಸಿದರು. ಅಲ್ಲೇ ಯುರೋಪಿಯನ್ ಅಕಾಡೆಮಿ ಆಫ್ ನ್ಯೂರಾಲಜಿ ಹುಟ್ಟಿತು. ಜರ್ಮನಿಯ ಕೀಲ್ ನಗರದ ಗ್ಯುಂಟರ್ ಡಾಯ್ಷಲ್ ಮೊದಲ ಅಧ್ಯಕ್ಷರಾದರು. ಮರುವರ್ಷ ಬರ್ಲಿನ್‌ನಲ್ಲಿ ಅಕಾಡೆಮಿಯದೇ ಮೊದಲ ಸಮ್ಮೇಳನ. ಕಚೇರಿ ವಿಯೆನ್ನಾದಲ್ಲಿ.

ಮೊದಲು ಕೇಳಿದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನನಗೆ ಸರಿ ಅನ್ನಿಸುತ್ತದೆ. ದೇಶದ ಸಂಘವೂ ಸದಸ್ಯ, ವೈದ್ಯನೂ ಸದಸ್ಯ. ಪ್ರತಿನಿಧಿಗಳ ಸಭೆಯಲ್ಲಿ ಇಬ್ಬರಿಗೂ ಜಾಗ. ಬರೀ ವ್ಯಕ್ತಿಗಳ ಮತವಾಗಿದ್ದರೆ ದೊಡ್ಡ, ಶ್ರೀಮಂತ ದೇಶಗಳ ಕೈ ಮೇಲಾಗುತ್ತಿತ್ತು. ಬರೀ ಸಂಘಗಳ ಮತವಾಗಿದ್ದರೆ, ತನ್ನ ದೇಶದ ಹಿರಿಯರ ಜೊತೆ ಹೊಂದಾಣಿಕೆಯಿಲ್ಲದ ಯುವ ವೈದ್ಯನಿಗೆ ಒಳಗೆ ಬರುವ ದಾರಿಯೇ ಇರುತ್ತಿರಲಿಲ್ಲ. ಬಿಟ್ಟುಕೊಟ್ಟದ್ದೂ ಕಮ್ಮಿಯಿಲ್ಲ. ಎರಡು ಹೆಸರು ಹೋದವು. ಒಕ್ಕೂಟದ ಪತ್ರಿಕೆ, ಯುರೋಪಿಯನ್ ಜರ್ನಲ್ ಆಫ್ ನ್ಯೂರಾಲಜಿ, ಹೊಸ ಅಕಾಡೆಮಿಯ ಪತ್ರಿಕೆಯಾಯಿತು. ಅದಕ್ಕಿಂತ ಎಷ್ಟೋ ಹಳೆಯದಾದ ಜರ್ನಲ್ ಆಫ್ ನ್ಯೂರಾಲಜಿ ಸಂಘದ ಪತ್ರಿಕೆಯ ಸ್ಥಾನ ಕಳೆದುಕೊಂಡು ತನ್ನ ಪಾಡಿಗೆ ಮುಂದುವರಿಯಿತು. ವರ್ಷಗಟ್ಟಲೆ ಅದಕ್ಕೆ ದುಡಿದವರಿಗೆ ನೋವಾಗಿರದೆ ಇರುತ್ತದೆಯೇ?

ಇದರಿಂದ ರೋಗಿಗೇನು ಲಾಭ ಅಂತ ಕೇಳುವುದು ನ್ಯಾಯ. ಸಿಐಡಿಪಿ ಅನ್ನುವ ಕಾಯಿಲೆಯನ್ನೇ ನೋಡಿ. ದೇಹದ ರೋಗನಿರೋಧಕ ಶಕ್ತಿಯೇ ನರದ ಹೊದಿಕೆಯ ಮೇಲೆ ಬೀಳುತ್ತದೆ, ಕೈಕಾಲು ಸೋಲುತ್ತಾ ಹೋಗುತ್ತವೆ. ಔಷಧಿ ಇದೆ, ಆದರೆ ಅದರಲ್ಲಿ ಮುಖ್ಯವಾದ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಭಾರಿ ದುಬಾರಿ. ತಪ್ಪಾಗಿ ಸಿಐಡಿಪಿ ಅಂದುಬಿಟ್ಟರೆ ಆ ಮನೆಯವರು ಸಾಲಕ್ಕೆ ಬೀಳುತ್ತಾರೆ. ಈ ಕಾಯಿಲೆಯನ್ನು ಹೇಗೆ ಗುರುತಿಸಬೇಕು, ಹೇಗೆ ಚಿಕಿತ್ಸೆ ಕೊಡಬೇಕು ಅಂತ ಒಕ್ಕೂಟವು ಪೆರಿಫೆರಲ್ ನರ್ವ್ ಸೊಸೈಟಿ ಅನ್ನುವ, ಮೆದುಳು-ಬೆನ್ನುಹುರಿಯ ಹೊರಗಿನ ನರಗಳ ತಜ್ಞರ ಸಂಘದ ಜೊತೆ ಸೇರಿ ಮಾರ್ಗಸೂಚಿ ಬರೆಯಿತು. 2010ರಲ್ಲಿ ಅದನ್ನು ತಿದ್ದಿತು. 2021ರಲ್ಲಿ ಅಕಾಡೆಮಿ ಮತ್ತೆ ತಿದ್ದಿ, ತಪ್ಪು ರೋಗನಿರ್ಣಯ ತಪ್ಪಿಸಲು ನಿಯಮ ಬಿಗಿ ಮಾಡಿತು. ಸಂಘದ ಹೆಸರು ಬದಲಾದರೂ ಕೆಲಸ ನಿಲ್ಲಲಿಲ್ಲ. ನಮ್ಮ ದೇಶದ ನರರೋಗ ವೈದ್ಯರೂ ಇದೇ ಮಾರ್ಗಸೂಚಿ ತೆರೆದು ನೋಡುತ್ತಾರೆ.

ನನಗೆ ಒಂದು ಆತಂಕ ಇದೆ. ಎರಡು ಸಮ್ಮೇಳನ ಒಂದಾದಾಗ ಆ ಒಂದು ತುಂಬಾ ದೊಡ್ಡದಾಯಿತು. ಔಷಧಿ ಕಂಪನಿಗಳ ಪ್ರಾಯೋಜಿತ ಗೋಷ್ಠಿಗಳೂ ಅಲ್ಲಿರುತ್ತವೆ. ಮಾರ್ಗಸೂಚಿ ಬರೆಯುವ ಸಂಘ ಸಮ್ಮೇಳನದ ಖರ್ಚಿಗೆ ಆ ಕಂಪನಿಗಳ ಕಡೆ ಜಾಸ್ತಿ ನೋಡುವಂತಾಗಬಾರದು. 1991ರಲ್ಲಿ ಯಾರಿಗಾಗಿ ಬಾಗಿಲು ತೆರೆದರೋ, ಆ ಬಡ ದೇಶಗಳ ಯುವ ವೈದ್ಯರ ಫೀಸನ್ನು ಅಕಾಡೆಮಿ ತಾನೇ ಹೊರಬೇಕು ಅನ್ನುವುದು ನನ್ನ ಅಭಿಪ್ರಾಯ. ಸ್ಟಾರೆ ಸ್ಪ್ಲಾವಿಯ ಶಿಬಿರಕ್ಕೆ ಹಣ ಕಮ್ಮಿ ಮಾಡುವ ಮಾತು ಬಂದರೆ, ದೊಡ್ಡ ಸಮ್ಮೇಳನದ ಖರ್ಚನ್ನೇ ಮೊದಲು ಕಡಿತ ಮಾಡಲಿ.