ಇನ್ನೈದು ದಿವಸ

ನಮ್ಮ ಕಾಸರಗೋಡಿನ ಕಡೆಯ ಆಸ್ಪತ್ರೆಯೊಂದರ 'ವಯೋಜನ ಸೌಹೃದ', ಅಂದರೆ ಹಿರಿಯರ ಸ್ನೇಹಿ, ವಾರ್ಡಿನ ಉದ್ಘಾಟನೆಯ ಫೋಟೋ ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ರಿಬ್ಬನ್ನಿನ ಹಿಂದೆ ಅಷ್ಟೊಂದು ಜನ. ಅದರಲ್ಲಿ ವಯಸ್ಸಾದವರು ಎಲ್ಲಿ ಅಂತ ಕೇಳಬೇಡಿ. ಕತ್ತರಿ ಹಿಡಿದವರಿಗೇ ಎಪ್ಪತ್ತು ದಾಟಿದೆ. ಆಸ್ಪತ್ರೆಯ ಹೆಸರು ಬೇಡ ಮಾರಾಯ್ರೆ, ನಾಳೆ ಜ್ವರ ಬಂದರೆ ನಾನೂ ಅಲ್ಲಿಗೇ ಹೋಗಬೇಕಲ್ವಾ?

ಹೋದ ತಿಂಗಳು ನಮ್ಮ ದೊಡ್ಡಮ್ಮ ಅಲ್ಲಿ ಮಲಗಿದ್ದರು. ವಯಸ್ಸು 84, ಮನೆ ಬದಿಯಡ್ಕದ ಹತ್ತಿರ. ಮಲೆಯಾಳ ಬರುತ್ತದೆ, ಅಡಿಕೆ ವ್ಯಾಪಾರಿಯನ್ನು ಬೈಯುವಷ್ಟು. ಮೂರನೆಯ ದಿನ ನಸುಕಿನಲ್ಲಿ, ಆಗಷ್ಟೇ ನಿದ್ದೆ ಹತ್ತಿದವರನ್ನು ನರ್ಸ್ ಹುಡುಗಿ ತಟ್ಟಿ ಎಬ್ಬಿಸಿದಳು. ತಿರುವನಂತಪುರದ ಕಡೆಯವಳು. "ಅಮ್ಮಮ್ಮೇ, ಇನ್ನ್ ಏದ್ ದಿವಸಾ?"

ಇವತ್ತು ಯಾವ ವಾರ ಅಂತ. ಆಸ್ಪತ್ರೆ ಸೇರಿದ ಮುದುಕರಿಗೆ ತಲೆ ಗೊಂದಲವಾಗುವುದುಂಟು, ಅದನ್ನು ಕಂಡುಹಿಡಿಯುವ ಪ್ರಶ್ನೆ ಇದು. ಕಿವಿಯ ಮೆಷಿನ್ ಡ್ರಾಯರಿನಲ್ಲಿತ್ತು. ದೊಡ್ಡಮ್ಮನಿಗೆ ಕೇಳಿಸಿದ್ದು "ಇನ್ನೈದು ದಿವಸ".

"ಐದೇ ದಿವಸವಾ?" ಅಂತ ಅಳು ಶುರು. ಬೆಂಗಳೂರಿನ ಮಗನಿಗೆ ಫೋನ್ ಮಾಡಿಸಿದರು. ಕಪಾಟಿನ ಬೀಗದ ಕೈ ಎಲ್ಲಿದೆ ಅಂತ ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದರು. ದೊಡ್ಡಪ್ಪನಿಗೂ ಹೇಳದ ಗುಟ್ಟು ಅದು. ನರ್ಸ್ ಬರೆದುಕೊಂಡಳು: ರೋಗಿಗೆ ಗೊಂದಲ.

ಗೊಂದಲ ತಡೆಯುವ ಇಂಥ ಆರೈಕೆಗೆ ದಾರಿ ತೋರಿಸಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಡಾಕ್ಟರ್ ಶರೋನ್ ಇನೋಯೆ. 70 ದಾಟಿದ 852 ರೋಗಿಗಳನ್ನು ನೋಡಿ 1999ರಲ್ಲಿ ಬರೆದರು. ಮಾಮೂಲು ವಾರ್ಡಿನಲ್ಲಿ ನೂರಕ್ಕೆ 15 ಮಂದಿಗೆ ಗೊಂದಲ, ಇವರ ವಾರ್ಡಿನಲ್ಲಿ 9.9. ಹೊಸ ಔಷಧ ಏನೂ ಇಲ್ಲ. ಕನ್ನಡಕ ಕೊಡಿ, ಕಿವಿಗೆ ಮೆಷಿನ್ ಹಾಕಿ, ನೀರು ಕುಡಿಸಿ, ನಡೆಸಿ, ಮಾತಾಡಿಸಿ, ರಾತ್ರಿ ಸುಮ್ನೆ ಮಲಗಲು ಬಿಡಿ. ಹೇಳಿದ್ದನ್ನು ಎಷ್ಟು ಪಾಲಿಸುತ್ತೀರೋ ಅಷ್ಟು ಗುಣ ಅಂತ 2003ರಲ್ಲಿ ಅದೇ ತಂಡ ಮತ್ತೊಮ್ಮೆ ಹೇಳಿತು.

ಪಾಲನೆಯಲ್ಲಿ ನಮ್ಮವರು ಯೇಲ್ ಅನ್ನೇ ಸೋಲಿಸಿದ್ದಾರೆ. ರಿಜಿಸ್ಟರ್ ನೋಡಿ, 'ನಡೆಸಲಾಯಿತು' ಎದುರು ಮೂರು ಹೊತ್ತೂ ಟಿಕ್. ದೊಡ್ಡಮ್ಮ ಮಂಚದಿಂದ ಇಳಿದೇ ಇಲ್ಲ. ನಡೆದದ್ದು ರಿಜಿಸ್ಟರ್, ವಾರ್ಡಿನಿಂದ ಆಫೀಸಿಗೆ. 'ಚೆನ್ನಾಗಿ ನಿದ್ದೆ'ಗೂ ಟಿಕ್. ಎಬ್ಬಿಸಿ ಕೇಳಿದರಲ್ಲ, ಸುಳ್ಳಾಗುತ್ತದೆಯೇ?

ಗಾಲಿಕುರ್ಚಿಯ ಕತೆ ಬೇರೆ. ಎರಡಿವೆ, ಬೀಗ ಹಾಕಿದ ಕೋಣೆಯಲ್ಲಿ. ಬೆನ್ನಿಗೆ ದಾನಿಯ ಹೆಸರು ಎಷ್ಟು ದೊಡ್ಡದಾಗಿ ಬರೆದಿದೆ ಅಂದರೆ, ಕೂತರೆ ರೋಗಿಯನ್ನೂ ಅವರೇ ದಾನ ಕೊಟ್ಟ ಹಾಗೆ ಕಾಣುತ್ತದೆ. ಬೀಗದ ಕೈ ರಜೆಯಲ್ಲಿದ್ದವರ ಹತ್ತಿರ. ಈ ಒಂದು ವಿಷಯದಲ್ಲಿ ಆಸ್ಪತ್ರೆಗೂ ದೊಡ್ಡಮ್ಮನಿಗೂ ಒಳ್ಳೆಯ ಹೊಂದಾಣಿಕೆ.

ನರ್ಸ್ ಹುಡುಗಿಯನ್ನು ಬೈಯಲು ನನಗೆ ಮನಸ್ಸಿಲ್ಲ. ರಾತ್ರಿ ಇಡೀ ವಾರ್ಡಿಗೆ ಅವಳೊಬ್ಬಳೇ. ಟಿಕ್ ಹಾಕುತ್ತಾಳೆ, ಇನ್ನೇನು ಮಾಡುತ್ತಾಳೆ? 2010ರ ಕೇಂದ್ರದ ಯೋಜನೆ ಜಿಲ್ಲಾ ಆಸ್ಪತ್ರೆಗೆ ಹಿರಿಯರಿಗೆಂದೇ 10 ಹಾಸಿಗೆ ಅಂದಿತು. ಹಾಸಿಗೆ ಎಣಿಸುವುದು ಸುಲಭ. ಹಾಸಿಗೆಯಲ್ಲಿರುವವರ ಹತ್ತಿರ ಎರಡು ನಿಮಿಷ ಕೂತು ಅವರ ಭಾಷೆಯಲ್ಲಿ ಮಾತಾಡಲು ಜನ ಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಅಂದಿನಿಂದ ನಾವು ಕೇಳುತ್ತಿರುವುದು ಇಷ್ಟೇ. ಕನ್ನಡದಲ್ಲಿ ಒಂದು ಫಾರಂ, ಕನ್ನಡದಲ್ಲಿ ಒಂದು ಪ್ರಶ್ನೆ. ಇಲ್ಲಿ ಕೇಳಿದರೆ ನಾವು ಕನ್ನಡದವರು. ಮಂಗಳೂರಿಗೆ ಹೊರಟರೆ ಕೇರಳದವರು. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರಲ್ಲ, ಆ ಕಡೆ ದಾಟಲಾಗದೆ ರೋಗಿಗಳು ಸತ್ತರು. ಅದರ ಮೇಲೆ ತಮಾಷೆ ಮಾಡಲು ನನಗೆ ಬರುವುದಿಲ್ಲ.

ದೊಡ್ಡಮ್ಮ ಈಗ ಮನೆಯಲ್ಲಿದ್ದಾರೆ. ಆರನೆಯ ದಿನ ಎದ್ದು ಕಾಫಿ ಕುಡಿದು ಮೊದಲು ಕೇಳಿದ್ದು, "ಆ ಹುಡುಗಿಗೆ ಫೋನ್ ಉಂಟಾ? ನಾನಿನ್ನೂ ಇದ್ದೇನೆ ಅಂತ ಹೇಳಬೇಕು." ಕಪಾಟಿನ ಬೀಗದ ಕೈಯ ಜಾಗ ಬದಲಾಗಿದೆ.