ಸೆಕೆಗೆ ವೈರಸ್ ಸಾಯುತ್ತದೆಯೇ? ಸತ್ಯಾಂಶ

‘ಮಂಗಳೂರಿನ ಸೆಕೆಗೆ ಕೊರೊನಾ ವೈರಸ್ ಉಳಿಯುವುದಿಲ್ಲ, ಕರಾವಳಿಯ ಶಾಲೆಗಳಿಗೆ ಯಾವ ಮುನ್ನೆಚ್ಚರಿಕೆಯೂ ಬೇಡ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಸುಳ್ಳು.

ಇದರಲ್ಲಿ ಅರೆಸತ್ಯವೊಂದಿದೆ. ನೇರ ಬಿಸಿಲಿನ ನೇರಳಾತೀತ ಕಿರಣಗಳು ವಸ್ತುಗಳ ಮೇಲಿನ ವೈರಸ್ಸನ್ನು ದುರ್ಬಲಗೊಳಿಸುತ್ತವೆ. ಆದರೆ ತರಗತಿಯಲ್ಲಿ ಸೋಂಕು ಹರಡುವುದು ಮುಖ್ಯವಾಗಿ ಉಸಿರಿನ ಸೂಕ್ಷ್ಮ ಹನಿಗಳಿಂದ. ಒಂದೇ ಬೆಂಚಿನಲ್ಲಿ ಕುಳಿತ ಮಕ್ಕಳ ನಡುವೆ ಅವು ಬಿಸಿಲನ್ನು ಕಾಣುವುದೇ ಇಲ್ಲ. ಹೊರಗೆ ಎಷ್ಟೇ ಸೆಕೆಯಿದ್ದರೂ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಒಳಹೊಕ್ಕ ವೈರಸ್ ಬೆಳೆಯುವುದು ಅಲ್ಲಿಯೇ.

2021ರ ಎರಡನೇ ಅಲೆಯನ್ನು ನೆನಪಿಸಿಕೊಳ್ಳಿ. ಅದು ಭೀಕರವಾಗಿದ್ದದ್ದು ಏಪ್ರಿಲ್, ಮೇ ತಿಂಗಳ ಸುಡುಸೆಕೆಯಲ್ಲಿ. ಆ ಮೇ ತಿಂಗಳಲ್ಲೇ ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹ್ರೈನ್‌ನಿಂದ ವೈದ್ಯಕೀಯ ಆಮ್ಲಜನಕ ಹೊತ್ತು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದಿತ್ತು.

ನಮ್ಮ ಶಾಲೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಮುಚ್ಚಿದ ಕಿಟಕಿಗಳು. ಜೂನ್, ಜುಲೈನಲ್ಲಿ ಎರಚಲು ಒಳಬರುತ್ತದೆಂದು ಎಲ್ಲವನ್ನೂ ಮುಚ್ಚುತ್ತೇವೆ. ಗಾಳಿ ನಿಂತರೆ ಹನಿಗಳೂ ಅಲ್ಲೇ ತೇಲುತ್ತವೆ. ಮಳೆ ಹೊಡೆಯದ ಬದಿಯ ಕಿಟಕಿ, ಬಾಗಿಲುಗಳನ್ನಾದರೂ ತೆರೆದಿಡಿ. ಬೆವರಿಗೋ ಮಳೆಗೋ ಒದ್ದೆಯಾದ ಮಾಸ್ಕ್ ಬದಲಿಸಲು ಚೀಲದಲ್ಲಿ ಇನ್ನೊಂದಿರಲಿ.

ಹೆತ್ತವರಲ್ಲಿ ಒಂದು ಕಳಕಳಿಯ ಮಾತು: ಪರೀಕ್ಷೆಯಿದೆಯೆಂದು ಜ್ವರಕ್ಕೆ ಮಾತ್ರೆ ನುಂಗಿಸಿ ಮಗುವನ್ನು ಬಸ್ ಹತ್ತಿಸಬೇಡಿ. ಮಾತ್ರೆ ಜ್ವರವನ್ನಷ್ಟೇ ಇಳಿಸುತ್ತದೆ, ಸೋಂಕು ಹರಡುವುದನ್ನು ತಡೆಯುವುದಿಲ್ಲ.