ಕಿರುಬೆರಳಿಗೆ ಶೇಕಡಾ ಏಳು

ಒಮ್ಮೆ ನಿಮ್ಮ ಅಂಗೈ ಬಿಡಿಸಿ ನೋಡಿಕೊಳ್ಳಿ. ಜ್ಯೋತಿಷಿಗೆ ಅಲ್ಲಿ ರೇಖೆ ಕಾಣುತ್ತದೆ. 1923ರ ನೌಕರರ ಪರಿಹಾರ ಕಾಯ್ದೆಗೆ ಕಾಣುವುದು ರೇಟು. ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನಷ್ಟ ಶೇ. 30. ತೋರುಬೆರಳಿಗೆ 14, ನಡುಬೆರಳಿಗೆ 12. ಉಂಗುರದ ಬೆರಳಿಗೂ ಕಿರುಬೆರಳಿಗೂ ಒಂದೇ, ತಲಾ 7. ಮದುವೆಯಾದವರು ಬೇಸರ ಮಾಡಿಕೊಳ್ಳಬಾರದು. ಮೂಳೆ ಉಳಿದು ಬರೀ ತುದಿ ಹೋಗಿದ್ದರೆ ಕಿರುಬೆರಳಿಗೆ 2. ಮಾರ್ಕೆಟ್ಟಿನ ತರಕಾರಿಗೂ ಇಷ್ಟು ಚೊಕ್ಕವಾದ ರೇಟು ಬೋರ್ಡು ಇರುವುದಿಲ್ಲ. (ಪರ್ಸೆಂಟ್ ಅಂದ ಕೂಡಲೇ ನಿಮಗೆ ಗುತ್ತಿಗೆದಾರರು ನೆನಪಾದರೆ ತಪ್ಪು ನಿಮ್ಮದಲ್ಲ.)

ಪೀಣ್ಯದ ಕಡೆ ಆರು ಜನ ದುಡಿಯುವ ಒಂದು ಶೆಡ್ಡು ಅಂದುಕೊಳ್ಳಿ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇಲ್ಲ, ಈ ಕಾಯ್ದೆಯೇ ಗತಿ. ಮೂವತ್ತರ ಹುಡುಗ, ಪವರ್ ಪ್ರೆಸ್ ನಡೆಸುತ್ತಾನೆ, ಸಂಬಳ 24,000. ಒಂದು ದಿನ ಪ್ರೆಸ್ಸಿಗೆ ಎಡಗೈ ಸಿಕ್ಕಿ ತೋರುಬೆರಳು, ನಡುಬೆರಳು ಎರಡೂ ಹೋದವು. ಹದಿನಾಲ್ಕಕ್ಕೆ ಹನ್ನೆರಡು ಕೂಡಿ ಇಪ್ಪತ್ತಾರು ಅಂದಿರಾ? ನಿಮಗೆ ಲೆಕ್ಕ ಬರುತ್ತದೆ, ಕಾನೂನು ಬರುವುದಿಲ್ಲ. ಒಂದೇ ಕೈಯ ಎರಡು ಬೆರಳಿಗೆ ಪಟ್ಟಿಯಲ್ಲಿ ಬೇರೆ ಸಾಲೇ ಇದೆ: 20. ಬಿಡಿಗೆ ಒಂದು ರೇಟು, ಜೋಡಿಗೆ ಹೋಲ್‌ಸೇಲ್ ರೇಟು.

ಇನ್ನು ಸಂಬಳ. ಅವನು 24,000 ದುಡಿದರೂ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಮಿಕ್ಕ 9,000 ಅವನು ಸುಮ್ನೆ ಶೋಕಿಗೆ ದುಡಿದದ್ದು. ಹದಿನೈದು ಸಾವಿರದ ಶೇ. 60, ಅದಕ್ಕೆ ಮೂವತ್ತು ವಯಸ್ಸಿನ ಗುಣಕ 207.98, ಅದರಲ್ಲಿ ಶೇ. 20. ಒಟ್ಟು 3,74,364 ರೂಪಾಯಿ. ಒಂದು ತಿಂಗಳೊಳಗೆ ಕೊಡಬೇಕು, ತಡವಾದರೆ ಶೇ. 12 ಬಡ್ಡಿ. ಕಾಗದದ ಮೇಲೆ ಇದಕ್ಕಿಂತ ಸಲೀಸಾದ ಕಾನೂನು ಇನ್ನೊಂದಿಲ್ಲ.

ಆಮೇಲೆ ಮಾಲೀಕರ ತಕರಾರು ಬರುತ್ತದೆ. ಮೊದಲ ಸಾಲು ಎಲ್ಲ ಕೇಸಿನಲ್ಲೂ ಒಂದೇ, ಟೈಪಿಸ್ಟಿಗೆ ಬಾಯಿಪಾಠ: ಈ ಅರ್ಜಿದಾರ ನಮ್ಮ ನೌಕರನೇ ಅಲ್ಲ. ಹೋದ ವರ್ಷದ ಆಯುಧಪೂಜೆ ಫೋಟೋದಲ್ಲಿ ಅದೇ ಪ್ರೆಸ್ಸಿನ ಮುಂದೆ ಬೂದುಗುಂಬಳ ಒಡೆಯುತ್ತಿರುವವನು ಯಾರು? ದಾರಿಹೋಕ ಇರಬೇಕು. ಪುಣ್ಯ ಬರಲಿ ಅಂತ ಒಳಗೆ ಬಂದು ಒಡೆದು ಹೋಗಿದ್ದಾನೆ. ಎರಡನೇ ಸಾಲು: ನೌಕರನೇ ಅಂದುಕೊಂಡರೂ ತಪ್ಪು ಅವನದೇ. ಮೂರನೇ ಸಾಲು: ತಪ್ಪು ಅವನದಲ್ಲದಿದ್ದರೂ ಅವನು ಕೇಳಿದ್ದು ಜಾಸ್ತಿ. ಕಂಡೇ ಇಲ್ಲದ ಮನುಷ್ಯನ ಬಗ್ಗೆ ಇಷ್ಟೊಂದು ತಿಳಿದುಕೊಂಡಿರುವುದು ದೊಡ್ಡ ವಿಷಯ ಅಲ್ವಾ?

ಪಟ್ಟಿಯ ಪರ್ಸೆಂಟು ಅಲ್ಲಿಗೇ ನಿಲ್ಲುವುದಿಲ್ಲ, ಅದನ್ನು ಹಿಡಿದುಕೊಂಡು ದಿಲ್ಲಿಯವರೆಗೂ ಹೋಗಬಹುದು. ಹಿಂದೆ ಒಬ್ಬ ಬಡಗಿಯ ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಬೇಕಾಯಿತು. ಅಪಘಾತ ಆದದ್ದು 1968ರಲ್ಲಿ. ಪರಿಹಾರದ ಕೇಸು ತೀರ್ಮಾನಿಸುವ ಕಮಿಷನರ್ ಇದನ್ನು ಪೂರ್ತಿ ನಷ್ಟ ಅಂದರು. ಮಾಲೀಕರು ಒಪ್ಪಲಿಲ್ಲ, ಇದು ಭಾಗಶಃ ನಷ್ಟವಷ್ಟೇ ಅಂತ ವಾದ ಹೂಡಿದರು. ಉಳಿ ಹಿಡಿಯಲು ಒಂದು ಕೈ, ಸುತ್ತಿಗೆ ಹಿಡಿಯಲು ಇನ್ನೊಂದು ಕೈ ಬೇಕು ಎನ್ನುವುದು ನಮ್ಮೂರ ಕೂಸಿಗೂ ಗೊತ್ತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1975 ಮುಗಿಯುತ್ತಾ ಬಂದಿತ್ತು. ಅದೇ ತೀರ್ಪಿನಲ್ಲಿ, ಪರಿಹಾರದ ಬಾಕಿ ಅಪಘಾತವಾದ ದಿನದಿಂದಲೇ ಶುರು ಎಂದೂ ಹೇಳಿದರು. ಏಳು ವರ್ಷದ ಹಿಂದಿನ ಆ ದಿನದಿಂದ.

ಇದೆಲ್ಲ ಶೆಡ್ಡಿನ ಒಳಗೆ ಕೈ ಕಳೆದುಕೊಂಡವರ ಭಾಗ್ಯ. ಹೊರಗೆ ಸತ್ತರೆ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂಬ ತತ್ವಜ್ಞಾನ ಬೇರೆ. ಸೌರಾಷ್ಟ್ರದ ಉಪ್ಪಿನ ಕಾರ್ಖಾನೆಯ ಕೆಲವರು ಕೆಲಸ ಮುಗಿಸಿ ಮನೆಗೆ ಹೋಗುವಾಗ ದೋಣಿ ಮಗುಚಿ ಮುಳುಗಿದರು. 1958ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಇಲ್ಲ ಎಂದಿತು. ಉಪ್ಪು ತೆಗೆಯುವಾಗ ನೌಕರರು, ದೋಣಿ ಹತ್ತಿದೊಡನೆ ಸಾರ್ವಜನಿಕರು.

ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರನದು ಇನ್ನೂ ಚೆಂದದ ಕತೆ. ಅವನ ಪಾಳಿ ರಾತ್ರಿ ಮೂರಕ್ಕೆ. 2003ರ ಏಪ್ರಿಲ್‌ನಲ್ಲಿ ಡ್ಯೂಟಿಗೆ ಹೊರಟವನು ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ಸತ್ತ. ಕಮಿಷನರ್ 3,26,140 ರೂಪಾಯಿ ಮತ್ತು ಬಡ್ಡಿ ಕೊಡಿ ಎಂದರು. ಮೇಲ್ಮನವಿ ಹೋಯಿತು. 2011ರಲ್ಲಿ ಹೈಕೋರ್ಟ್ ಅದನ್ನು ತೆಗೆದುಹಾಕಿತು. ಅವನು ಸತ್ತದ್ದು ಕೆಲಸದಲ್ಲಲ್ಲ, ದಾರಿಯಲ್ಲಿ. ಅಪರಾತ್ರಿ ಹಾಸಿಗೆ ಬಿಟ್ಟು ಎದ್ದು ಹೊರಟವನು ಗಾಳಿ ಸೇವನೆಗೆ ಹೋಗಿದ್ದನೋ ಏನೋ! ಕೊನೆಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಇಲ್ಲ, ಅವನು ಕೆಲಸಕ್ಕೇ ಹೊರಟಿದ್ದ ಎಂದು ಕಮಿಷನರ್ ಆದೇಶವನ್ನು ಎತ್ತಿಹಿಡಿಯಿತು. ಐದು ಕಿಲೋಮೀಟರ್ ದಾಟಲು ಇಪ್ಪತ್ತೆರಡು ವರ್ಷ. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಎಷ್ಟೋ ವಾಸಿ.

ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆ. ಇಲ್ಲಿ ಸತ್ತ ಮೇಲೇ ಕೇಸು ಶುರು.

ಹಾಗಂತ ಕಾನೂನು ಮಾಡಿದವರಿಗೆ ಬುದ್ಧಿ ಇರಲಿಲ್ಲ ಅನ್ನುವಂತಿಲ್ಲ. ಮೂರು ತಿಂಗಳಲ್ಲಿ ಕಮಿಷನರ್ ತೀರ್ಮಾನ ಕೊಡಬೇಕು ಎಂದು 2009ರಲ್ಲೇ ಸೇರಿಸಿದ್ದಾರೆ. ಗಣನೀಯ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಹೈಕೋರ್ಟಿಗೆ ಹೋಗಬಹುದು ಎಂದೂ ಇದೆ. ಆದರೆ ಪ್ರಶ್ನೆ ಹುಟ್ಟಿಸುವುದರಲ್ಲಿ ನಮ್ಮ ವಕೀಲರು ಬಡವರಲ್ಲ. ಬೂದುಗುಂಬಳ ಒಡೆಯುವುದು ನೌಕರಿಯೋ, ಭಕ್ತಿಯೋ? ನೋಡಿ, ಗಣನೀಯವಾಗಿಯೇ ಇದೆ. 2025ರ ನವೆಂಬರಿನಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯೂ ಅದರಲ್ಲಿ ಸೇರಿದೆ. ಹಳೆಯ ಫೈಲುಗಳು ಮಾತ್ರ ಹಳೆಯ ಬೀರುವಿನಲ್ಲೇ ಇವೆ.

ನಮ್ಮ ಹುಡುಗನ ಕೇಸು ಕೂಗಿದರು. ಪಾಟೀಸವಾಲು ಆಗಬೇಕಿತ್ತು, ಎದುರು ವಕೀಲರು ಬಂದಿರಲಿಲ್ಲ. ಮುಂದಿನ ವಾಯಿದೆ ಸೆಪ್ಟೆಂಬರ್. ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತು ತಿಂಗಳು ಎಣಿಸತೊಡಗಿದ. ಜೂನ್, ಜುಲೈ, ಆಗಸ್ಟ್. ಎಡಗೈಯ ಬೆರಳು ಮುಗಿದವು. ಬಲಗೈ ತೆಗೆದ.